ಗುಂಪು ಹೇಳಿದ ಮಾತು

ಅನುಸೂಯಾ,

ನೀನು ತೀರಿಕೊಂಡು ಆರು ವರ್ಷವಾಯಿತು. ಆದರೂ ಈ ಸಿಟ್ಟನ್ನು ನಿನಗಲ್ಲದೆ ಯಾರಿಗೆ ಬರೆಯಲಿ? ಇವತ್ತು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಕಾದಂಬರಿಯ ಗುಂಪು ಚರ್ಚೆಗೆ ಅತಿಥಿಯಾಗಿ ಹೋಗಿದ್ದೆ. ಒಂದು ಗುಂಪಿನಲ್ಲಿ ಪುಸ್ತಕ ಪೂರ್ತಿ ಓದಿದ್ದವಳು ಮೆಟ್ರಿ ಹಳ್ಳಿಯ ಭವ್ಯ ಒಬ್ಬಳೇ. ಮಿಕ್ಕವರ ಕೈಯಲ್ಲಿ ಗೈಡು. "ಎಲ್ಲರಿಗೂ ಬಡಿಸೋ ಅತ್ತಿ ಇಡೀ ಪುಸ್ತಕದಾಗ ಒಂದ್ಸಲನೂ ಉಣ್ಣಂಗಿಲ್ಲ, ನೋಡ್ರಪ" ಎಂದು ಅವಳು ಗುಂಪಿನವರಿಗೆ ಹೇಳಿದ್ದು ಪಕ್ಕದಲ್ಲೇ ನಿಂತಿದ್ದ ನನಗೆ ಕೇಳಿಸಿತು. ಲೀಡರ್ ಭಾರ್ಗವ್ ಎದ್ದು ಅದನ್ನೇ ತನ್ನದೆಂಬಂತೆ ಹೇಳಿ ಚಪ್ಪಾಳೆ ಗಿಟ್ಟಿಸಿದ.

"ಅದು ಯಾರ ಮಾತು?" ಎಂದು ಗದರಿದೆ.

"ಲೀಡರ್ ಹೇಳಿದ್ರ ಗುಂಪೇ ಹೇಳಿದಂಗ ಬಿಡ್ರಿ ಸರ್" ಎಂದು ಮೇಷ್ಟ್ರು ನಕ್ಕರು. ಗುಂಪಂತೆ! ಬೋರ್ಡಿನ ಮೇಲೆ ನಾನೇ ಅವಳ ಹೆಸರು ಬರೆದೆ.

ಭವ್ಯ ತಲೆ ತಗ್ಗಿಸಿ, "ಇರ್ಲಿ ಬಿಡ್ರಿ ಸರ್, ಯಾರು ಹೇಳಿದ್ರೇನು" ಎಂದಳು.

ನಮ್ಮ ಬಿ.ಎ. ತರಗತಿಯಲ್ಲಿ ನಿನ್ನ ಮಾತಿಗೆ ನನಗೆ ಚಪ್ಪಾಳೆ ಬಿದ್ದಾಗ ನೀನೂ ಹೀಗೇ ಅಂದಿದ್ದೆ.