ಬೆಳ್ಳಿಕಾಗದದ ಪೆಟ್ಟಿಗೆ

ಏಪ್ರಿಲ್ 3, ಬೆಳಿಗ್ಗೆ
ಇವತ್ತೂ ಮೋಡ. ನೇವಾ ನದಿಯಲ್ಲಿ ಇನ್ನೂ ಮಂಜುಗಡ್ಡೆ. ಟೊಮೆಟೊ ಸಸಿಗಳು ಬೆಳಕಿಗೆ ಕತ್ತು ಚಾಚಿ ಚಾಚಿ ದಾರದಂತಾಗಿವೆ. ಟ್ರೇ ತಿರುಗಿಸಿಟ್ಟೆ. ಟ್ಯೂಬ್‌ಲೈಟನ್ನು ಇನ್ನೊಂದು ಗೇಣು ಕೆಳಗಿಳಿಸಿದೆ. ನನ್ನ ಗಂಡ ಮಾತ್ವೇ ಬಿಟ್ಟುಹೋದ ತಳಿ. ಹೋದ ವರ್ಷ ರೋಗ ಬಂದು ಹಣ್ಣೆಲ್ಲ ಕೊಳೆಯಿತು. ಇವು ಡಬ್ಬಿಯ ತಳದ ಕೊನೆಯ ಬೀಜ. ಇವೂ ಹೋದರೆ ಅವನು ಇನ್ನೊಂದು ಸಲ ಸತ್ತಂತೆ.

ಫ್ಲಾಟಿಗೆಲ್ಲ ಬಿಸಿಲು ಬೀಳುವುದು ಅಡುಗೆಮನೆಯ ಕಿಟಕಿಯೊಂದರಲ್ಲೇ. ಅಡುಗೆಮನೆ ನನಗೂ ಎದುರು ಕೋಣೆಯ ಫೈನಾಗೂ ಸೇರಿದ್ದು. ಅಲ್ಲಿ ನನ್ನ ಟ್ರೇ ಪಕ್ಕ ಅವಳದೊಂದು ಎತ್ತರದ ರಟ್ಟಿನ ಪೆಟ್ಟಿಗೆ, ಬೆಳಕು ಹೆಚ್ಚಲೆಂದು ಒಳಗೆಲ್ಲ ಬೆಳ್ಳಿಕಾಗದ. ಅದರಲ್ಲಿರುವುದು ಮೆಣಸಿನಕಾಯಿ ಸಸಿಯಂತೆ. ಮುಟ್ಟಿದರೆ ಕೈ ಮುರಿಯುತ್ತಾಳಂತೆ.

ಸಂಜೆ
ಫೈನಾಳ ತಂಗಿ ಅಕ್ಕನಿಂದ ಒಂದು ಸಸಿ ತೆಗೆದುಕೊಂಡು ಬಾಯಿತಪ್ಪಿ ಥ್ಯಾಂಕ್ಸ್ ಎಂದಳು. ಫೈನಾ ಅದನ್ನು ಕಿತ್ತುಕೊಂಡು ಬೆನ್ನಿಗೊಂದು ಗುದ್ದಿದಳು. ಇದೊಂದರಲ್ಲಿ ಅವಳದೇ ಸರಿ. ಸಸಿಗೆ ಥ್ಯಾಂಕ್ಸ್ ಹೇಳಿದರೆ ಬೇರುಸಹಿತ ಒಣಗುತ್ತದೆ. ಕದ್ದದ್ದು ಮಾತ್ರ ಹುಲುಸಾಗಿ ಬರುತ್ತದೆ. ಹಸುಗೂಸಿಗೂ ಗೊತ್ತು.

ಏಪ್ರಿಲ್ 5
ನನ್ನ ಸಸಿಗಳಿಗೆ ಬೆಳಕು ತಿರುಗಿಸುವ ಕನ್ನಡಿ ನಿಲ್ಲಿಸಲು ಅವಳ ಪೆಟ್ಟಿಗೆ ಮೂಲೆಗೆ ತಳ್ಳಿದ್ದೆ. ಅದಕ್ಕೆ ನನ್ನ ಲೈಟಿನ ವೈರಿಗೆ ಕತ್ತರಿ ಹಾಕಿದ್ದಾಳೆ. ಜುಟ್ಟು ಹಿಡಿದೆಳೆದೆ. ಕೈತುಂಬ ಕೂದಲು ಬಂತು. ಕೆನ್ನೆ ಪರಚಿದಳು. ಹಿತವಾಯಿತು... ಸುಳ್ಳೇಕೆ.

"ನಿನ್ ಟೊಮೆಟೊಗ್ ಮಾತ್ರನಾ ಹಸಿವು? ನನ್ನವೂ ಬೆಳಕು ತಿನ್ಬೇಕು ಕಣೇ."

ಇಷ್ಟು ವರ್ಷ ನೀವು, ತಾವು ಎಂದವಳು.

ಏಪ್ರಿಲ್ 6
ವೈರು ಸೇರಿಸಿ ಲೈಟ್ ಹಾಕಿದೆ. ಅವಳ ಪೆಟ್ಟಿಗೆಯನ್ನು ನೆಲಕ್ಕಿಳಿಸಿದೆ, ಕತ್ತಲಿಗೆ. ಫೈನಾ ಬಂದು ನೋಡಿದಳು. ಕುದಿಯುತ್ತಿದ್ದ ಕೆಟಲ್ ಎತ್ತಿ ನನ್ನ ಟ್ರೇಗೆ ಸುರಿದಳು. ಅಷ್ಟೂ ಸಸಿ ಬೆಂದ ಸೊಪ್ಪಾಗಿ ಮಲಗಿತು.

ಕಬ್ಬಿಣದ ಬಾಣಲೆ ಕೈಗೆ ಸಿಕ್ಕಿತು. ಬೀಸಿದೆ — ತಲೆಗೇ. ಇನ್ನೊಂದು ಹಾಕಲು ಎತ್ತಿದ್ದೆ. ಅವಳು ಪೆಟ್ಟಿಗೆ ಅಪ್ಪಿಕೊಂಡು ಬಿದ್ದಿದ್ದಳು, ಕಿವಿಯಿಂದ ರಕ್ತ. ಸತ್ತಳೆಂದುಕೊಂಡೆ.

ಆಂಬುಲೆನ್ಸಿನವರಿಗೆ ಅವಳೇ ಹೇಳಿದಳು, ಸ್ಟೂಲಿನಿಂದ ಜಾರಿದೆ ಎಂದು.

ಏಪ್ರಿಲ್ 11
ಪೆಟ್ಟಿಗೆ ನೆಲದಲ್ಲೇ ಇತ್ತು. ಒದೆಯಲು ಹೋದೆ. ಒಳಗೆ ಕಣ್ಣು ಬಿತ್ತು. ಮೆಣಸಿನ ಹಿಂದೆ, ಬಿಳಿಚಿಕೊಂಡ ಸಸಿಗಳ ಸಾಲು. ಅಗಲ ಎಲೆ, ಅಂಚಿನಲ್ಲಿ ಹಲ್ಲುಗಳಿಲ್ಲ, ಆ ತಳಿಗೆ ಮಾತ್ರ ಹಾಗೆ. ಮಾತ್ವೇಯ ಟೊಮೆಟೊ! ಯಾವ ವರ್ಷ ಕದ್ದಳೋ, ಕಳ್ಳಿ. ನೆಲದಲ್ಲೇ ಕೂತು ಅತ್ತೆ.

ಆಗಲೇ ಕಿತ್ತುಕೊಳ್ಳಬಹುದಿತ್ತು. ತಲೆ ಒಡೆದು, ಅದರ ಮೇಲೆ ಇದೂ... ಮನಸ್ಸು ಬರಲಿಲ್ಲ. ಎತ್ತಿ ಲೈಟಿನ ಕೆಳಗಿಟ್ಟೆ.

ಏಪ್ರಿಲ್ 19, ಮಧ್ಯಾಹ್ನ
ಫೈನಾ ಬಂದಳು. ತಲೆಗೆ ಪಟ್ಟಿ. ಎಡಗಿವಿ ಇನ್ನು ಕೇಳಿಸುವುದಿಲ್ಲವಂತೆ. ಪೆಟ್ಟಿಗೆಯಲ್ಲಿ ಇಣುಕಿದಳು. ಎಲೆಗೆ ಹಸಿರು ಮರಳಿದೆ, ಸಸಿಗಳು ಎದ್ದು ನಿಂತಿವೆ. ನನ್ನ ಖಾಲಿ ಟ್ರೇ ನೋಡಿದಳು. ಕ್ಷಮೆ ಕೇಳಲೆಂದು ಹತ್ತಿರ ಹೋದೆ. ಅವಳು ಬಾಣಲೆ ಕೈಗೆತ್ತಿಕೊಂಡಳು. ಬಡಿಯಲಿ ಎಂದು ಕಣ್ಣು ಮುಚ್ಚಿ ನಿಂತೆ. ಅದನ್ನು ಮೊಳೆಗೆ ತೂಗುಹಾಕಿದ ಸದ್ದು ಕೇಳಿತು.

"ಬ್ರೆಡ್ ತರೋಕ್ ಹೋಗ್ತಿದೀನಿ, ರಿಮ್ಮಾ ಪಾವ್ಲೊವ್ನಾ. ಬೇಗ ಬರಲ್ಲ. ಪೆಟ್ಟಿಗೆ ಇಲ್ಲೇ ಇರತ್ತೆ. ಈ ಮನೇಲಿ ಕಳ್ಳರ ಕಾಟ, ಗೊತ್ತಲ್ಲ."

ಬ್ರೆಡ್ ಅವಳ ಚೀಲದಲ್ಲೇ ಇತ್ತು.

ಸಂಜೆ
ಚಮಚದಿಂದ ಮಣ್ಣುಸಮೇತ ಎಬ್ಬಿಸಿ ಅರ್ಧ ಟೊಮೆಟೊ ಕದ್ದೆ. ನನ್ನ ಟ್ರೇಯಲ್ಲಿವೆ ಈಗ. ಫೈನಾ ಬಂದು ನೋಡಿ ಕಳ್ಳಿ, ದರೋಡೆಕೋರಳು ಎಂದೆಲ್ಲ ಬೈದಳು, ಕೆಳಗಿನ ಮಹಡಿಗೂ ಕೇಳುವ ಹಾಗೆ. ನಾನೂ ಬಿಡಲಿಲ್ಲ. ಆಮೇಲೆ ಚಹಾ ಕುಡಿದೆವು. ನಾನು ಅವಳ ಬಲಗಿವಿಯ ಕಡೆ ಕೂತೆ. ಅದೊಂದು ಮಾತು ಬಾಯಿಂದ ಬೀಳದಂತೆ ನಾಲಿಗೆ ಕಚ್ಚಿಕೊಂಡಿದ್ದೆ. ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಇಲ್ಲಾದರೂ ಬರೆದುಬಿಡುತ್ತೇನೆ. ಫೈನಾ ಯೆಗೊರೊವ್ನಾ, ನಿಮಗೆ ಥ್ಯಾ—