ಎರಡನೆಯ ಡ್ರಮ್ಮಿನ ನೀರು

ಮಾವಾ,

ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ನೀನಿದ್ದಾಗ ಫೋನಿತ್ತು. ಫೋನಿನಲ್ಲಿ ‘ಹೂಂ ಮಾವ’, ‘ಆತು ಮಾವ’ ಬಿಟ್ಟರೆ ನಾನು ಹೆಚ್ಚೇನೂ ಆಡುತ್ತಿರಲಿಲ್ಲ. ‘ಅಷ್ಟು ದಪ್ಪ ದಪ್ಪ ಪುಸ್ತಕ ಓದ್ತಿ, ಬಾಯಾಗಿಂದ ಎರಡು ಮಾತು ಹೊರಗ ಬರಂಗಿಲ್ಲಲ್ಲೋ ಅಳಿಯಾ’ ಎಂದು ನಗುತ್ತಿದ್ದೆ ನೀನು. ಆ ಎರಡು ಮಾತಿನಲ್ಲೇ ಒಂದು ಸುಳ್ಳಿತ್ತು. ಅದನ್ನು ಹೇಳಲು ಈ ಕಾಗದ.

ಬಿ.ಎ. ಕೊನೆಯ ಪರೀಕ್ಷೆ ಮುಗಿಸಿ ನಾನು ಕೂಡ್ಲಿಗಿಯಿಂದ ಮಲ್ಪೆಗೆ ಬಂದ ದಿನ ನಿನಗೆ ನೆನಪಿರಬೇಕು. ನೀನಾಗ ಆ ಮೀನಿನ ಬೋಟಿಗೆ ಬಹಳ ವರ್ಷಗಳ ಡ್ರೈವರ್. ನನ್ನ ಕೈಚೀಲ ಇಳಿಸುವ ಮೊದಲೇ ಬೋಟಿನ ಹೊಟ್ಟೆಯೊಳಗೆ ಇಳಿಸಿ ಎಂಜಿನ್ ತೋರಿಸಿದೆ. ‘ಇದು ಕಡಲ ನೀರು ಕುಡದು ಮೈ ತಣ್ಣಗ ಮಾಡ್ಕಂತೈತಿ. ದಂಡಿಗಿ ಬಂದ ಮ್ಯಾಲ ಸಿಹಿನೀರು ಕುಡಿಸಿ ಒಳಗಿನ ಉಪ್ಪು ತೊಳೀಬೇಕು. ಇಲ್ಲಾಂದ್ರ ಉಪ್ಪು ಕುಂತಲ್ಲೇ ಕಬ್ಬಿಣ ತಿಂತೈತಿ’ ಎಂದೆ. ನೀನು ಕಡಲ ನೀರು ಬರುವ ವಾಲ್ವ್ ಮುಚ್ಚಿ, ಪೈಪನ್ನು ಸಿಹಿನೀರಿನ ಡ್ರಮ್ಮಿಗೆ ಇಳಿಬಿಟ್ಟು, ಎಂಜಿನ್ನನ್ನು ನಿಧಾನಕ್ಕೆ ಓಡಿಸುತ್ತಿದ್ದೆ. ಒಂದಾದ ಮೇಲೆ ಒಂದು, ಎರಡು ಡ್ರಮ್. ಹಿಂದುಗಡೆ ಹೊಗೆಯ ಜೊತೆ ಉಗುಳಿಕೊಂಡು ಬರುವ ನೀರಿಗೆ ಬೆರಳೊಡ್ಡಿ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದೆ. ‘ಸಪ್ಪಗಾತು’ ಎಂದು ನೀನು ಹೇಳಿದರೆ ಆ ದಿನದ ಕೆಲಸ ಮುಗಿದಂತೆ.

ಆ ನೀರು ಕಡಲಿಗೆ ಸುರಿದುಹೋಗುವುದನ್ನು ನೋಡಿದಾಗಲೆಲ್ಲ ಎಷ್ಟು ಕೊಡ ಹೋಯಿತೆಂದು ನಾನು ಎಣಿಸುತ್ತಿದ್ದೆ. ನಮ್ಮೂರ ಬೋರಿನ ನೀರು ನಿನಗೆ ಗೊತ್ತಲ್ಲ, ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ. ಕುಡಿಯುವ ನೀರನ್ನು ಕ್ಯಾನಿನಲ್ಲಿ ತುಂಬಿ ಸೈಕಲ್ಲಿಗೆ ಕಟ್ಟಿಕೊಂಡು ತರುತ್ತಿದ್ದವನು ನಾನು. ನಿನ್ನ ಅಕ್ಕ, ನನ್ನ ಅವ್ವ, ಅಕ್ಕಿ ತೊಳೆದ ನೀರನ್ನೂ ಎಮ್ಮೆಗೆ ಇಡುವವಳು. ‘ಇಂಥಾ ಚೊಲೋ ನೀರು ಕಡಲಿಗಿ ಸುರೀತಿಯಲ್ಲ ಮಾವಾ’ ಎಂದಿದ್ದಕ್ಕೆ ನೀನು ಬೋಟಿನವರನ್ನೆಲ್ಲ ಕರೆದೆ. ‘ಕೂಡ್ಲಿಗಿ ಹುಡುಗ ಬಂದಾನ ನೋಡ್ರಪಾ. ಇವನ ಕೈಯಾಗ ಕೊಟ್ರ ಎಂಜಿನ್ನಿಗೂ ಅರ್ಧ ಚರಿಗಿ ಅಳದು ಹಾಕ್ತಾನ!’ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೂ...

ಮೇ ತಿಂಗಳ ಕೊನೆ, ಮೀನುಗಾರಿಕೆಯ ಕೊನೆಯ ದಿನ. ಬಲೆಗಳನ್ನು ಗೋದಾಮಿಗೆ ಸಾಗಿಸಲು ಹೊರಟ ನೀನು ಮೆಟ್ಟಿಲ ಮೇಲೆ ನಿಂತು ಹೇಳಿದೆ: ‘ಮಳಿಗಾಲ ಎರಡು ತಿಂಗಳು ಇದು ಹಂಗ ನಿಂದರತೈತಿ. ದಿನಾ ತೊಳದದ್ದು ಒಂದು ತೂಕ ಆದ್ರ ಇವತ್ತಿಂದು ಒಂದು ತೂಕ. ಎರಡೂ ಡ್ರಮ್ ಪೂರಾ ಓಡ್ಸು.’ ನಾನು ಮೊದಲ ಡ್ರಮ್ ಮುಗಿಸಿ ಪೈಪನ್ನು ಎರಡನೆಯದಕ್ಕೆ ಹಾಕುತ್ತಿದ್ದೆ. ಅಷ್ಟರಲ್ಲಿ ಮೀನು ಆರಿಸುವ ಹುಲಿಗೆವ್ವ ಬಂದಳು, ನಮ್ಮ ಹಡಗಲಿ ಕಡೆಯವಳು. ಎರಡೂ ಕೈಯಲ್ಲಿ ಕೊಡ. ‘ತಮ್ಮಾ, ನಳ ಬಂದ್ ಆಗೇತಿ. ಹುಡುಗ್ರ ಮೈ ತೊಳದು ಊರ ಬಸ್ ಹತ್ತಬೇಕು. ಮೀನಿನ ನಾತ ಹೊತ್ಕಂಡು ಹೆಂಗ ಹೋಗಾಣಪ್ಪ?’ ಎಂದಳು. ನಾನು ಎಂಜಿನ್ ಆರಿಸಿದೆ. ಅವಳ ಹಿಂದೆ ಇನ್ನೂ ನಾಲ್ವರು ಬಂದರು. ಡ್ರಮ್ಮಿನ ತಳ ಕಂಡಿತು. ‘ನಿನ್ನ ಹೊಟ್ಟಿ ತಣ್ಣಗಿರಲಿ’ ಎಂದು ಹೋದಳು. ನಿಜ ಹೇಳಲಾ? ಮಲ್ಪೆಯಲ್ಲಿದ್ದ ಎರಡು ತಿಂಗಳಲ್ಲಿ ನಾನು ಅಷ್ಟು ಹಗುರಾದದ್ದು ಆ ಗಳಿಗೆಯಲ್ಲಿ ಮಾತ್ರ.

ನೀರು ಕೊಟ್ಟದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ ಮಾವ. ಆಮೇಲೆ ನೀನು ಬಂದು, ಬಲೆಯ ನೂಲು ಅಂಟಿದ್ದ ಕೈಯನ್ನು ಒರೆಸಿಕೊಳ್ಳುತ್ತ, ‘ಬಾಯಾಗಿಟ್ಟು ನೋಡಿದ್ಯಾ?’ ಎಂದೆ. ‘ಹೂಂ ಮಾವ, ಸಪ್ಪಗಾಗೇತಿ’ ಎಂದೆ ನಾನು. ಯಾಕೆ ಹಾಗೆಂದೆ? ಇದ್ದದ್ದು ಹೇಳಿದ್ದರೆ ಏನಾಗುತ್ತಿತ್ತು? ಒಂದು ಬೈಗುಳ ಬೈದು, ನಳ ಬರುವವರೆಗೆ ಇಬ್ಬರೂ ಕಟ್ಟೆಯ ಮೇಲೆ ಕೂತಿರುತ್ತಿದ್ದೆವು. ಅಷ್ಟೇ. ಅಷ್ಟೇ ಅಲ್ಲವಾ?

ಆಗಸ್ಟಿನಲ್ಲಿ ನಿನ್ನ ಫೋನ್ ಬಂದಾಗ ನಾನು ಎಂ.ಎ. ಪ್ರವೇಶದ ಸಾಲಿನಲ್ಲಿ ನಿಂತಿದ್ದೆ. ಕಡಲ ನಡುವೆ ಎಂಜಿನ್ ಕಾದು ನಿಂತು, ಬೇರೊಂದು ಬೋಟು ಹಗ್ಗ ಕಟ್ಟಿ ನಿಮ್ಮನ್ನು ದಡಕ್ಕೆ ಎಳೆದುತಂದಿತ್ತು. ಬಿಚ್ಚಿ ನೋಡಿದರೆ ನೀರು ಹರಿಯುವ ದಾರಿಯ ತುಂಬ ತುಕ್ಕು ಮತ್ತು ಗಟ್ಟಿಯಾದ ಉಪ್ಪು. ಎಂಜಿನ್ನಿನ ಹೆಡ್ ಬಿರುಕು ಬಿಟ್ಟಿತ್ತು. ‘ಅಳಿಯಾ, ಕೊನೀ ದಿನ ಎರಡೂ ಡ್ರಮ್ ಓಡ್ಸಿದ್ಯಲ್ಲ?’ ‘ಹೂಂ ಮಾವ.’ ‘ಆತು ಬಿಡು, ನಾ ನೋಡ್ಕಂತೀನಿ.’ ನೀನು ಒಂದೇ ಸಲ ಕೇಳಿದೆ. ಬೋಟಿನ ಸಾಹುಕಾರರ ಮುಂದೆ ನಿಂತು, ‘ತೊಳೆದವನು ನಾನೇ, ತಪ್ಪು ನನ್ನದೇ’ ಎಂದೆ ನೀನು. ಹಾಸಿಗೆ ಸುತ್ತಿಕೊಂಡು ನಿನ್ನೂರು ಹಂಪಸಾಗರಕ್ಕೆ ಬಂದುಬಿಟ್ಟೆ.

ಊರಲ್ಲಿ ನೀನು ಪಂಪ್‌ಸೆಟ್ ರಿಪೇರಿಗೆ ಹೋದಾಗ ಜನ ಆಡಿಕೊಂಡದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ‘ಕಡಲಾಗ ಎಂಜಿನ್ ಸುಟ್ಟು ಬಂದ ಮೇಸ್ತ್ರಿ, ಹುಷಾರ್ರೀ, ನಮ್ಮ ಪಂಪಿಗೂ ಅದ ಗತಿ ಕಾಣಿಸ್ಯಾನು.’ ನೀನು ನಕ್ಕು ಬೋಲ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುತ್ತಿದ್ದೆ. ಆದರೆ ನಿಮ್ಮ ಮನೆಯಲ್ಲಿ, ನಾನು ರಜೆಗೆ ಬಂದಾಗಲೆಲ್ಲ, ನಿನ್ನದು ಅದೇ ಲೆಕ್ಕಾಚಾರ. ‘ಕಡಲಿಗಿ ಭರತ ಬಂದು ನೀರು ಏರಿದಾಗ ಆ ನಳದ ನೀರಾಗ ಉಪ್ಪು ಕೂಡತಿತ್ತೇನೋ. ನಾಲಿಗಿಗೆ ತಿಳೀಲಾರದಷ್ಟು ಇತ್ತೇನೋ. ನಿನಗ ಹೆಂಗ ಗೊತ್ತಾಗಬೇಕು ಪಾಪ.’ ನೀನು ಕಡಲನ್ನು ದೂರಿದೆ, ನಳವನ್ನು ದೂರಿದೆ, ಕಲಿಸಿಕೊಟ್ಟ ನಿನ್ನನ್ನೇ ದೂರಿಕೊಂಡೆ. ಎದುರಿಗೆ ಕೂತವನನ್ನು ಬಿಟ್ಟು ಎಲ್ಲರನ್ನೂ. ನಾನು ‘ಇರಬೌದು ಮಾವ’ ಎನ್ನುತ್ತಿದ್ದೆ. ಹೋದ ವರ್ಷ ಯಾರದೋ ಹೊಲದಲ್ಲಿ, ಬಿಚ್ಚಿದ ಪಂಪಿನ ಪಕ್ಕದಲ್ಲೇ ನೀನು ಎದೆ ಹಿಡಿದುಕೊಂಡು ಕುಸಿದೆಯಂತೆ. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆ ಮುಟ್ಟುವವರೆಗೂ ಉಳಿಯಲಿಲ್ಲ. ನಿನ್ನನ್ನು ಹೊತ್ತವರಲ್ಲಿ ನಾನೂ ಒಬ್ಬ. ಹೆಗಲು ಕೊಡುವಾಗಲೂ ಬಾಯಿ ಬಿಡಲಿಲ್ಲ.

ಈ ವರ್ಷ ನಿನ್ನ ಮಗ ಕೊಟ್ರೇಶ ಮಲ್ಪೆಯಿಂದ ಫೋನ್ ಮಾಡಿದ. ಎಂಜಿನ್ ಕೆಲಸ ಕಲಿಯಬೇಕೆಂದು ಅದೇ ಬೋಟಿಗೆ ಹೋಗಿದ್ದ. ‘ಬಲೆ ಎಳೆಯುವ ಕೆಲಸ ಕೊಡ್ತೇನೆ. ಎಂಜಿನ್ ಮುಟ್ಟುವುದು ಮಾತ್ರ ಬೇಡ ಮಾರಾಯ. ನಿನ್ನ ಅಪ್ಪ ಅದನ್ನು ತೊಳೆಯದೆ ಹೋದವ’ ಎಂದರಂತೆ ಸಾಹುಕಾರರು. ‘ನಮ್ಮಪ್ಪ ಅಂಥಾತನೇನೋ?’ ಎಂದು ಕೇಳಿದ ಕೊಟ್ರೇಶ. ನಾನು ಫೋನಿಟ್ಟು ಕೈಚೀಲ ತುಂಬಿದೆ. ಮರುದಿನ ಮಲ್ಪೆಯ ಬಸ್ ಹತ್ತಿದೆ.

ಬೋಟು ಕಟ್ಟುವ ಧಕ್ಕೆಯ ಮೇಲೆ ಸಾಹುಕಾರರ ಮುಂದೆ ನಿಂತು ಎಲ್ಲ ಹೇಳಿದೆ. ಧ್ವನಿ ಎಷ್ಟು ಕೆಳಗಿಳಿದಿತ್ತೆಂದರೆ ಅವರು ಕಿವಿಗೆ ಕೈ ಹಿಡಿದು, ‘ಎಂತ? ಜೋರು ಹೇಳು ಮಾರಾಯ, ಕೇಳುವುದಿಲ್ಲ’ ಎಂದರು. ಇನ್ನೊಮ್ಮೆ ಹೇಳಬೇಕಾಯಿತು, ಕೂಗಿ. ಬಲೆ ಹೊಲಿಯುತ್ತಿದ್ದವರ ಕೈಗಳು ನಿಂತವು. ಕೊಟ್ರೇಶ ಅಲ್ಲೇ ನಿಂತಿದ್ದ. ಸಾಹುಕಾರರು, ‘ಒಂದು ಸಲವಾದರೂ ನಿನ್ನ ಹೆಸರು ಎತ್ತಲಿಲ್ಲ ಅವ’ ಎಂದರು. ಆಮೇಲೆ ನಿನ್ನ ಮಗನ ಕಡೆ ತಿರುಗಿ, ‘ನಾಳೆಯಿಂದ ಕೆಳಗೆ ಇಳಿ’ ಎಂದರು.

ಮಾವ, ಕೊಟ್ರೇಶ ಎಂಜಿನ್ನಿಗೆ ಇಳಿದು ಹತ್ತು ದಿನವಾಯಿತು. ಆದರೆ ಅವನು ನನ್ನನ್ನು ಬಸ್ಸಿಗೆ ಕಳಿಸಲು ಬರಲಿಲ್ಲ. ‘ಅಪ್ಪ ನಮ್ಮ ಪಡಸಾಲ್ಯಾಗ ಕುಂತು ಅದನ್ನ ನೆನಸ್ಕಂಡು ಕೊರಗತಿದ್ದ. ನೀನು ಮುಂದ ಕುಂತು ಚಾ ಕುಡೀತಿದ್ದೆಲ್ಲಲೇ’ ಎಂದ. ನಾನು ಹೊರಟಾಗ ಬೆನ್ನ ಹಿಂದಿನಿಂದ ಇನ್ನೊಂದು ಮಾತು ಹೇಳಿದ: ‘ಅವ್ವಗ ನಾ ಹೇಳಂಗಿಲ್ಲ. ನೀನ ಹೋಗಿ ಹೇಳು.’

ಎರಡು ಸಲ ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಹಂಪಸಾಗರದ ಬಸ್ಸನ್ನು ಕಣ್ಣೆದುರೇ ಬಿಟ್ಟು, ವಾಪಸು ಬಂದಿದ್ದೇನೆ. ಮೊದಲು ನಿನಗೇ ಹೇಳಬೇಕಿತ್ತೇನೋ, ಅದಕ್ಕೇ ಬರೆದೆ. ನಾಳೆ ಹೋಗುತ್ತೇನೆ. ನನ್ನನ್ನು ಕಂಡಕೂಡಲೇ ಅತ್ತೆ ‘ಬಾರಪ್ಪಾ, ಕೈಕಾಲು ತೊಳ್ಕ, ಉಣ್ಣಾಕ ನೀಡ್ತೀನಿ’ ಎಂದು ಒಳಗೆ ಹೋಗುತ್ತಾಳೆ, ಅದು ನಿನಗೂ ಗೊತ್ತು. ನಾನು ಕೈಕಾಲು ತೊಳೆಯುವುದಿಲ್ಲ. ಬಾಗಿಲಲ್ಲೇ ನಿಂತು, ಒಳಗಿರುವ ಆಕೆಗೆ ಕೇಳುವಷ್ಟು ಜೋರಾಗಿ ಹೇಳುತ್ತೇನೆ. ನೀಡುವುದು ಬಿಡುವುದು ಆಮೇಲೆ ಆಕೆಗೆ ಬಿಟ್ಟದ್ದು.

ನಿನ್ನ ಅಳಿಯ