ಬಿಸಿಲು ಇಳಿದ ಮೇಲೆ ಹೊರಡು

ಅಣ್ಣಾ,

ಆಸ್ಪತ್ರೆಗೆ ಹೊರಟೆ, ಬೆಳಗಿನ ಪಾಳಿ. ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲು ಮನಸ್ಸಾಗಲಿಲ್ಲ.

ಅತ್ತಿಗೆ ತೀರಿಕೊಂಡ ಮೇಲೆ ನೀನು ಹೊಸಿಲು ದಾಟಿಲ್ಲ. ನಿನ್ನೆ ಒಣಗಿದ ಬಟ್ಟೆ ತರಲು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಟ್ಟೆ.

ಮೊದಲಿನ ಹಾಗೆ ಕೆರೆ ಸುತ್ತಬೇಕಿಲ್ಲ. ಈ ಸೆಕೆಯಲ್ಲಿ ಅದು ಯಾರಿಂದಲೂ ಆಗದು. ಮಧ್ಯಾಹ್ನ ನಡುಮನೆಯಲ್ಲೇ ನಾಲ್ಕು ಹೆಜ್ಜೆ ಹಾಕು. ಬಾಯಾರುವ ತನಕ ಕಾಯದೆ ನೀರು ಕುಡಿ. ಸಂಜೆ ದರ್ಜಿ ಅಂಗಡಿಯವರೆಗೆ ಹೋಗಿ ಬಾ, ಅಷ್ಟೇ ಸಾಕು. ಸುಸ್ತಾದರೆ ಅವರ ಬೆಂಚಿನ ಮೇಲೆ ಕೂತುಕೋ, ಏನೂ ಅಂದುಕೊಳ್ಳುವುದಿಲ್ಲ.

"ತಿರುಗಾಡಿ ಬಂದ್ರೆ ಬಾಗಿಲು ತೆಗೆಯೋರು ಯಾರಿದ್ದಾರೆ?" ಅಂತ ಮೊನ್ನೆ ಕೇಳಿದೆಯಲ್ಲ.

ನಾನು ಬಂದ ಮೇಲೆ ಹೊರಡು. ಬೀಗದ ಕೈ ಒಯ್ಯಬೇಡ. ಬಾಗಿಲು ತಟ್ಟು, ಅಣ್ಣಾ.

ತಂಗಿ